ಶಾಲೆಯವರು 'ನೀವು ನಮ್ಮ ಏರಿಯಾದವರಲ್ಲ' ಎಂದರೆ 15 ದಿನದೊಳಗೆ ದೂರು ಕೊಡದಿದ್ದರೆ ಹಕ್ಕೇ ಹೋಗುತ್ತದೆಯೇ?

ಮೇ ತಿಂಗಳು ಬಂತೆಂದರೆ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಶಾಲೆ ಪ್ರವೇಶದ ಸಂದೇಶಗಳು ಓಡಾಡತೊಡಗುತ್ತವೆ. ಅವುಗಳಲ್ಲಿ ಒಂದು ಬಗೆಯ ಸಂದೇಶದ ಸಾರ ಹೀಗಿರುತ್ತದೆ: ಮನೆಯಿಂದ ಒಂದು ಕಿಲೋಮೀಟರ್ ಒಳಗಿನ ಶಾಲೆಗೆ ಮಾತ್ರ ಮಗುವನ್ನು ಸೇರಿಸಬೇಕು, ಬೇರೆ ಊರು, ಬೇರೆ ತಾಲ್ಲೂಕಿನ ಶಾಲೆ ನಿಮ್ಮ ಮಗುವನ್ನು ವಾಪಸ್ ಕಳಿಸಬಹುದು, ಇದರ ಬಗ್ಗೆ ದೂರು ಇದ್ದರೆ 15 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ ಆ ವರ್ಷ ಏನೂ ಮಾಡಲಾಗದು. ಕೆಲವು ಸಂದೇಶಗಳಲ್ಲಿ 15ರ ಬದಲು 30 ದಿನ ಎಂದಿರುತ್ತದೆ. ಕೊನೆಗೆ 'ಎಲ್ಲ ಪೋಷಕರಿಗೂ ತಲುಪಿಸಿ' ಎಂಬ ಸಾಲಂತೂ ಇದ್ದೇ ಇರುತ್ತದೆ.

ಇದನ್ನು ಕಳಿಸುವವರ ಉದ್ದೇಶ ಒಳ್ಳೆಯದೇ. ತೊಂದರೆ ಏನೆಂದರೆ, ಓದಿದ ಪೋಷಕರು 'ಅವಧಿ ಮುಗಿದುಹೋಯಿತು' ಎಂದುಕೊಂಡು ಸುಮ್ಮನಾಗುತ್ತಾರೆ. ಮಗು ಒಂದು ವರ್ಷ ಮನೆಯಲ್ಲೇ ಉಳಿಯುತ್ತದೆ, ಇಲ್ಲವೇ ಸಾಲ ಮಾಡಿ ಖಾಸಗಿ ಶಾಲೆಗೆ ಸೇರುತ್ತದೆ. ಹಾಗಾಗಿ ಈ ಸಂದೇಶವನ್ನು ಬಿಡಿಸಿ ನೋಡೋಣ. ಉದಾಹರಣೆಗೆ ಹಾವೇರಿ ಜಿಲ್ಲೆ ರಾಣೇಬೆನ್ನೂರು ತಾಲ್ಲೂಕಿನ ಐರಣಿಯನ್ನು ತೆಗೆದುಕೊಂಡಿದ್ದೇವೆ. ತುಂಗಭದ್ರೆಯ ದಡದ ಈ ಊರಿನ ಕೋಟೆ, ಹೊಳೆಮಠ ಸುತ್ತಲಿನವರಿಗೆ ಗೊತ್ತಿರುವಂಥವೇ. ಹೊಳೆ ದಾಟಿದರೆ ದಾವಣಗೆರೆ ಜಿಲ್ಲೆ. 'ನಮ್ಮ ಏರಿಯಾ, ನಿಮ್ಮ ಏರಿಯಾ' ಎಂಬ ಮಾತು ಇಂಥ ಗಡಿಯ ಊರುಗಳಲ್ಲಿ ಹೆಚ್ಚು ಕೇಳಿಬರುತ್ತದೆ.

ಒಂದು ಕಿಲೋಮೀಟರ್ ಗೆರೆ ಯಾರಿಗೆ ಹಾಕಿದ್ದು?

ಒಂದು ಕಿಲೋಮೀಟರ್ ಎಂಬ ಅಂಕಿ ಸುಳ್ಳಲ್ಲ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಎಲ್ಲರೂ ಆರ್‌ಟಿಇ ಎನ್ನುವುದು ಇದನ್ನೇ. 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕನ್ನು ಇದು ಕೊಡುತ್ತದೆ. ಆ ನೆರೆಹೊರೆ ಎಲ್ಲಿಯವರೆಗೆ ಎಂಬುದನ್ನು ನಿಯಮಗಳು ಹೇಳುತ್ತವೆ. ಕರ್ನಾಟಕದ 2012ರ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಯ ಶಾಲೆ ಒಂದು ಕಿಲೋಮೀಟರ್ ಒಳಗೆ, 6ರಿಂದ 8ನೇ ತರಗತಿಯದು ಮೂರು ಕಿಲೋಮೀಟರ್ ಒಳಗೆ ಇರಬೇಕು.

ಇಲ್ಲಿ 'ಇರಬೇಕು' ಎಂಬ ಮಾತನ್ನು ಗಮನಿಸಿ. ಅಷ್ಟು ದೂರದೊಳಗೆ ಶಾಲೆ ಇರುವಂತೆ ನೋಡಿಕೊಳ್ಳುವುದು ಸರ್ಕಾರದ, ಸ್ಥಳೀಯ ಸಂಸ್ಥೆಯ ಹೊಣೆ. ಕಾಯ್ದೆಯ 6ನೇ ಸೆಕ್ಷನ್ ಶಾಲೆ ಇಲ್ಲದ ಕಡೆ ಶಾಲೆ ತೆರೆಯಲು ಕಾಯ್ದೆ ಜಾರಿಯಾದಾಗಿನಿಂದ ಮೂರು ವರ್ಷದ ಗಡುವು ಕೊಟ್ಟಿತ್ತು. ಅಂದರೆ ಗೆರೆ ಎಳೆದದ್ದು ಸರ್ಕಾರಕ್ಕೆ. ಮಗು ಆ ಗೆರೆ ದಾಟಬಾರದು ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ಈ ಗೊಂದಲ ಬಂದಾಗ 2011ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವೇ ಮಾರ್ಗಸೂಚಿ ಹೊರಡಿಸಿ, ನೆರೆಹೊರೆಯ ಶಾಲೆಗೇ ಸೇರಬೇಕೆಂಬ ಒತ್ತಾಯ ಮಗುವಿನ ಮೇಲಿಲ್ಲ ಎಂದು ಸ್ಪಷ್ಟಪಡಿಸಿತು.

ದೂರ ಅಳೆಯುವ ವಿಷಯದಲ್ಲೂ ಒಂದು ಮಾತು. ಮೊಬೈಲ್ ಮ್ಯಾಪಿನಲ್ಲಿ ಮನೆಯಿಂದ ಶಾಲೆಗೆ ನೇರ ಗೆರೆ ಎಳೆದು '800 ಮೀಟರ್' ಎಂದು ಸ್ಕ್ರೀನ್‌ಶಾಟ್ ತೆಗೆಯುವವರಿದ್ದಾರೆ. ಲೆಕ್ಕಕ್ಕೆ ಬರುವುದು ಮಗು ನಡೆದುಹೋಗುವ ದಾರಿ. ಪ್ರವಾಹ, ಭೂಕುಸಿತ, ರಸ್ತೆ ಇಲ್ಲದಿರುವುದು, ಹೀಗೆ ದಾರಿಯಲ್ಲಿ ಅಪಾಯ ಇರುವ ಕಡೆ ಆ ಅಪಾಯ ತಪ್ಪುವಂತೆ ದೂರದ ಮಿತಿಯನ್ನೇ ಕಡಿಮೆ ಮಾಡಿ ಶಾಲೆ ಇಡಬೇಕು ಎಂದು ಕೇಂದ್ರದ 2010ರ ನಿಯಮಗಳು ಹೇಳುತ್ತವೆ. ಮಳೆಗಾಲದಲ್ಲಿ ತುಂಗಭದ್ರೆ ತುಂಬಿ ಹರಿಯುವಾಗ ದಡದ ದಾರಿ ಏನಾಗುತ್ತದೆ ಎಂಬುದು ಐರಣಿಯವರಿಗೆ ನಾವು ಹೇಳಿಕೊಡಬೇಕಿಲ್ಲ. ದೂರಿನಲ್ಲಿ ಕಿಲೋಮೀಟರ್ ಜೊತೆಗೆ ಹಳ್ಳ, ಹೊಳೆ, ಹೆದ್ದಾರಿ ದಾಟುವುದು ಇದ್ದರೆ ಅದನ್ನೂ ಬರೆಯಿರಿ.

ಮಕ್ಕಳು ಕಡಿಮೆ ಎಂದು ಸಣ್ಣ ಶಾಲೆಯನ್ನು ಪಕ್ಕದ ಊರಿನ ಶಾಲೆಯೊಂದಿಗೆ ಸೇರಿಸಿದಾಗ ದೂರ ಒಮ್ಮೆಲೇ ಹೆಚ್ಚುತ್ತದೆ. ಹತ್ತಿರದಲ್ಲಿ ಶಾಲೆ ಇಲ್ಲದ ಜನವಸತಿಯ ಮಕ್ಕಳಿಗೆ ಸಾರಿಗೆ ಅಥವಾ ಕರೆದೊಯ್ಯುವವರ ಖರ್ಚಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಅವಕಾಶ ಇದೆ. 'ಶಾಲೆ ದೂರವಾಯಿತು' ಎನ್ನುವವರು 'ಹಾಗಾದರೆ ವಾಹನದ ವ್ಯವಸ್ಥೆ ಏನು ಮಾಡಿದ್ದೀರಿ' ಎಂದೂ ಕೇಳಬಹುದು. ಕೇಳುವವರು ಕಡಿಮೆ.

ಹೊಳೆಯಾಚೆಯ ಶಾಲೆ, ಪಕ್ಕದ ತಾಲ್ಲೂಕಿನ ಶಾಲೆ

ಐರಣಿಯ ಒಂದು ಮನೆಯ ಮಗು ಹೊಳೆಯಾಚೆ ಅಜ್ಜಿಯ ಮನೆಯಲ್ಲಿದ್ದು ಅಲ್ಲಿಯ ಸರ್ಕಾರಿ ಶಾಲೆಗೆ ಸೇರಬೇಕೆಂದುಕೊಳ್ಳಿ. ಅಥವಾ ಬ್ಯಾಡಗಿ ತಾಲ್ಲೂಕಿನ ಗಡಿಯಲ್ಲಿರುವ ಮನೆಗೆ ರಾಣೇಬೆನ್ನೂರು ತಾಲ್ಲೂಕಿನ ಶಾಲೆಯೇ ಹತ್ತಿರ ಎಂದುಕೊಳ್ಳಿ. ಆಧಾರ್ ಕಾರ್ಡಿನ ವಿಳಾಸ ನೋಡಿ 'ನಿಮ್ಮ ತಾಲ್ಲೂಕಿಗೆ ಹೋಗ್ರಿ' ಎಂದು ಸರ್ಕಾರಿ ಶಾಲೆಯವರು ಕಳಿಸಬಹುದೇ? ತಾಲ್ಲೂಕು, ಜಿಲ್ಲೆ ಎಂಬುದು ಇಲಾಖೆಯ ಆಡಳಿತಕ್ಕೆ ಮಾಡಿಕೊಂಡ ವಿಂಗಡಣೆ. 1ರಿಂದ 8ನೇ ತರಗತಿಯ ಮಗುವನ್ನು ಅದೊಂದೇ ಕಾರಣಕ್ಕೆ ನಿರಾಕರಿಸಲು ಆರ್‌ಟಿಇ ಆಧಾರ ಕೊಡುವುದಿಲ್ಲ.

ಟಿಸಿ ತಂದಿಲ್ಲ ಎಂಬುದೂ ಕಾರಣವಲ್ಲ. 5ನೇ ಸೆಕ್ಷನ್ ಪ್ರಕಾರ ಹಳೆಯ ಶಾಲೆಯ ಹೆಡ್‌ಮಾಸ್ತರು ಕೂಡಲೇ ಟಿಸಿ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ತಡೆಯುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲ ಎಂದೂ ನಿರಾಕರಿಸುವಂತಿಲ್ಲ, ಅದು 14ನೇ ಸೆಕ್ಷನ್.

ಆದರೆ ಒಂದು ವ್ಯತ್ಯಾಸವನ್ನು ಹೇಳದಿದ್ದರೆ ನಾವೂ ಇನ್ನೊಂದು ತಪ್ಪು ಫಾರ್ವರ್ಡ್ ಹರಿಬಿಟ್ಟಂತಾಗುತ್ತದೆ. ನಿಮ್ಮ ನೆರೆಹೊರೆಯ ಶಾಲೆಯಲ್ಲಿ ಜಾಗ ಸಿಗುವುದು ಮಗುವಿನ ಹಕ್ಕು. ದೂರದ ಶಾಲೆಯನ್ನು ಕೇಳುವುದು ನಿಮ್ಮ ಆಯ್ಕೆ. ಅಲ್ಲಿ ಜಾಗವೇ ಇಲ್ಲದಿದ್ದರೆ ಸೇರಿಸಲೇಬೇಕೆಂದು ಹಟ ಹಿಡಿಯಲು ಬರುವುದಿಲ್ಲ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾದಾಗ ತರಗತಿಗೆ 30 ಮಕ್ಕಳ ಮಿತಿ ಇಟ್ಟಿದ್ದರು. ಅಂಥ ಕಡೆ ಹತ್ತಿರದ ಮಕ್ಕಳಿಗೆ ಮೊದಲ ಆದ್ಯತೆ ಕೊಟ್ಟರೆ ಅದನ್ನು ಅನ್ಯಾಯ ಎನ್ನಲಾಗದು. 'ಸೀಟು ತುಂಬಿದೆ' ಎಂಬುದೂ 'ನೀವು ನಮ್ಮ ಏರಿಯಾದವರಲ್ಲ' ಎಂಬುದೂ ಬೇರೆ ಬೇರೆ ಉತ್ತರಗಳು. ಯಾವುದು ನಿಜವಾದ ಕಾರಣ ಎಂದು ಬರೆದುಕೊಡಲು ಕೇಳಿ. ಬರೆದುಕೊಡಿ ಎಂದಾಗ ಎಷ್ಟೋ ಸಲ ಉತ್ತರವೇ ಬದಲಾಗುತ್ತದೆ.

ಗೆರೆ ನಿಜಕ್ಕೂ ಲೆಕ್ಕಕ್ಕೆ ಬರುವುದು ಎಲ್ಲಿ?

ಎರಡು ಕಡೆ. ಮೊದಲನೆಯದು, ಖಾಸಗಿ ಶಾಲೆಗಳಲ್ಲಿ ಬಡ ಮತ್ತು ಅವಕಾಶವಂಚಿತ ಮಕ್ಕಳಿಗಿರುವ ಶೇ 25ರ ಸೀಟು. ಜನ ಸಾಮಾನ್ಯವಾಗಿ 'ಆರ್‌ಟಿಇ ಸೀಟು' ಎನ್ನುವುದು ಇದಕ್ಕೇ. ಇದಕ್ಕೆ ವಾಸಸ್ಥಳ ಮುಖ್ಯ. ಹಳ್ಳಿಯಲ್ಲಿ ಕಂದಾಯ ಗ್ರಾಮ, ದೊಡ್ಡ ನಗರದಲ್ಲಿ ವಾರ್ಡ್ ನೆರೆಹೊರೆಯ ಗಡಿಯಾಗುತ್ತದೆ. ಅದಕ್ಕಿಂತ ದೊಡ್ಡ ಬದಲಾವಣೆ ಬಂದದ್ದು 2019-20ನೇ ಸಾಲಿಗೆ ಮುಂಚೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಎಂದು ರಾಜ್ಯ ನಿಯಮ ತಿದ್ದಿತು. 2019ರ ಮೇ 31ರಂದು ಹೈಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದಕ್ಕೂ ಮೊದಲು ಒಂದೂವರೆ ಲಕ್ಷದಷ್ಟಿದ್ದ ಸೀಟುಗಳು 20 ಸಾವಿರದೊಳಗೆ ಇಳಿದವು. 'ಮೊದಲು ಸಿಗುತ್ತಿತ್ತು, ಈಗ ನಮ್ಮ ಊರಿನ ಶಾಲೆ ಪಟ್ಟಿಯಲ್ಲೇ ಇಲ್ಲ' ಎಂದು ಪೋಷಕರು ಹೇಳುವುದರ ಹಿಂದಿರುವ ಕಾರಣ ಇದು.

ಇದೇ ವಿಷಯದಲ್ಲಿ ಇನ್ನೊಂದು ಫಾರ್ವರ್ಡ್ ಇದೆ: ಸರ್ಕಾರಿ ಶಾಲೆ ಹತ್ತಿರವಿದ್ದರೂ ಖಾಸಗಿ ಶಾಲೆ ಸೀಟು ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ ಎನ್ನುತ್ತದೆ ಅದು. ಆ ತೀರ್ಪು ನಿಜ, ರಾಜ್ಯ ಬೇರೆ. ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ತಿದ್ದುಪಡಿ ತಂದಿತ್ತು. ಬಾಂಬೆ ಹೈಕೋರ್ಟ್ ಜುಲೈನಲ್ಲಿ ಅದನ್ನು ರದ್ದು ಮಾಡಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ರದ್ದತಿಯನ್ನು ಒಪ್ಪಿತು. ಆ ಸುದ್ದಿಯ ತುಣುಕನ್ನು ತೋರಿಸಿ ರಾಣೇಬೆನ್ನೂರಿನ ಶಾಲೆಯಲ್ಲಿ ಸೀಟು ಕೇಳಿದರೆ ಸಿಗುವುದಿಲ್ಲ.

ಎರಡನೆಯದು ನವೋದಯ. ಜವಾಹರ ನವೋದಯ ವಿದ್ಯಾಲಯದ 6ನೇ ತರಗತಿಗೆ ಜಿಲ್ಲೆಯೇ ಗಡಿ. ಮಗು ಆ ಜಿಲ್ಲೆಯ ನಿವಾಸಿಯಾಗಿರಬೇಕು, 5ನೇ ತರಗತಿಯನ್ನೂ ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಐರಣಿಯಂಥ ಊರಿನವರು ಇದನ್ನು ನೆನಪಿಟ್ಟುಕೊಳ್ಳಬೇಕು. ಮನೆ ಹಾವೇರಿ ಜಿಲ್ಲೆಯಲ್ಲಿ, ಶಾಲೆ ಹೊಳೆಯಾಚೆ ದಾವಣಗೆರೆ ಜಿಲ್ಲೆಯಲ್ಲಿ ಎಂದಾದರೆ ಸಾಮಾನ್ಯ ಓದಿಗೆ ಅಡ್ಡಿಯಿಲ್ಲ, ನವೋದಯದ ಅರ್ಜಿ ಮಾತ್ರ ಎರಡು ದಡದಲ್ಲೂ ನಿಲ್ಲುವುದಿಲ್ಲ. 4ನೇ ತರಗತಿ ಮುಗಿಯುವ ಹೊತ್ತಿಗೇ ಇದನ್ನು ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ಜೂನ್ ದಾಟಿದರೆ ಪ್ರವೇಶ ಇಲ್ಲವೇ?

ಇದೆ. ಶಾಲೆ ಶುರುವಾದ ಮೇಲೂ ಆರು ತಿಂಗಳು ವಿಸ್ತರಿತ ಪ್ರವೇಶದ ಅವಧಿ ಎಂದು ಕೇಂದ್ರದ ನಿಯಮ ಹೇಳುತ್ತದೆ. ಜೂನ್‌ನಿಂದ ಎಣಿಸಿದರೆ ನವೆಂಬರ್ ಕೊನೆಯವರೆಗೆ ಬರುತ್ತದೆ. ಅದೂ ದಾಟಿದರೆ? 15ನೇ ಸೆಕ್ಷನ್‌ನಲ್ಲಿ ಅದಕ್ಕೂ ಉತ್ತರವಿದೆ: ವಿಸ್ತರಿತ ಅವಧಿ ಮುಗಿದ ಮೇಲೆ ಬಂದ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ತಪ್ಪಿಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಿಸಬೇಕು.

ಕುರಿ ಹಿಂಡಿನ ಜೊತೆ ತಿಂಗಳುಗಟ್ಟಲೆ ಊರೂರು ಸುತ್ತುವ ಮನೆಯವರು, ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗಿ ನಡುವೆ ವಾಪಸ್ ಬರುವವರು ನಮ್ಮ ಭಾಗದಲ್ಲಿ ಎಷ್ಟೋ ಜನ. ಅವರ ಮಗು ಆಗಸ್ಟ್‌ನಲ್ಲಿ ಬಂದರೂ ಸೇರಬಹುದು, ಜನವರಿಯಲ್ಲಿ ಬಂದರೂ ಸೇರಬಹುದು. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು ಎಂದು 4ನೇ ಸೆಕ್ಷನ್ ಹೇಳುತ್ತದೆ. ಹತ್ತು ವರ್ಷದ ಹುಡುಗಿಯನ್ನು 'ಅಕ್ಷರ ಬರಲ್ಲ' ಎಂದು ಒಂದನೇ ತರಗತಿಯಲ್ಲಿ ಕೂರಿಸಿದರೆ ಅವಳು ಎಷ್ಟು ದಿನ ಶಾಲೆಗೆ ಹೋದಾಳು?

ಗಮನಿಸಿ, ಇದೆಲ್ಲ 8ನೇ ತರಗತಿವರೆಗಿನ ಮಾತು. ಹೈಸ್ಕೂಲಿನ 9, 10ನೇ ತರಗತಿ ಆರ್‌ಟಿಇ ವ್ಯಾಪ್ತಿಗೆ ಬರುವುದಿಲ್ಲ; ಅಲ್ಲಿ ಇಲಾಖೆ ಪ್ರತಿ ವರ್ಷ ಕೊಡುವ ಪ್ರವೇಶದ ದಿನಾಂಕಗಳೇ ಅನ್ವಯ. ಶೇ 25ರ ಸೀಟಿನ ಆನ್‌ಲೈನ್ ಅರ್ಜಿಯ ಕೊನೆ ದಿನವೂ ಗಟ್ಟಿ. ಆ ದಿನ ತಪ್ಪಿದರೆ ಆ ವರ್ಷದ ಲಾಟರಿಯಲ್ಲಿ ಹೆಸರು ಇರುವುದಿಲ್ಲ.

ಹಾಗಾದರೆ ದೂರಿನ ಗಡುವು ಎಷ್ಟು?

ಫಾರ್ವರ್ಡ್ ಮಾಡಿದ ದೊಡ್ಡ ತಪ್ಪು ಇಲ್ಲೇ ಇದೆ. ಆರ್‌ಟಿಇ ಕಾಯ್ದೆಯ 32ನೇ ಸೆಕ್ಷನ್ ದೂರಿನ ಬಗ್ಗೆಯೇ ಇದೆ. ಮಗುವಿನ ಹಕ್ಕಿನ ವಿಷಯದಲ್ಲಿ ಯಾವುದೇ ವ್ಯಕ್ತಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಯಾವುದೇ ವ್ಯಕ್ತಿ ಎಂದರೆ ಅಪ್ಪ ಅಮ್ಮನೇ ಆಗಬೇಕಿಲ್ಲ. ಸೋದರಮಾವ, ಅಂಗನವಾಡಿ ಕಾರ್ಯಕರ್ತೆ, ಪಕ್ಕದ ಮನೆಯವರೂ ಕೊಡಬಹುದು. ದೂರು ಕೊಡುವವರಿಗೆ ಇಷ್ಟು ದಿನ ಎಂಬ ಗಡಿಯನ್ನು ಈ ಸೆಕ್ಷನ್ ಇಟ್ಟಿಲ್ಲ. ಇರುವ ಗಡುವು ಎದುರಿನವರಿಗೆ: ದೂರು ಬಂದ ಮೇಲೆ ಎರಡೂ ಕಡೆಯವರ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು.

ಗಡುವು ಇಲ್ಲ ಎಂದ ಮಾತ್ರಕ್ಕೆ ನಿಧಾನವಾಗಿ ಕೊಡೋಣ ಎನ್ನಬೇಡಿ. ಜೂನ್‌ನಲ್ಲಿ ಕೊಟ್ಟ ದೂರಿಗೆ ಮೂರು ತಿಂಗಳೆಂದರೆ ಸೆಪ್ಟೆಂಬರ್. ಡಿಸೆಂಬರ್‌ನಲ್ಲಿ ಕೊಟ್ಟರೆ ಉತ್ತರ ಬರುವ ಹೊತ್ತಿಗೆ ಪರೀಕ್ಷೆಯೇ ಬಂದಿರುತ್ತದೆ.

ಹಾಗಾದರೆ 30 ದಿನ, ಆರು ತಿಂಗಳು ಎಂಬ ಮಾತುಗಳೆಲ್ಲ ಎಲ್ಲಿಂದ ಬಂದವು? ಬೇರೆ ಬೇರೆ ಕಾಯ್ದೆಗಳ ಗಡುವುಗಳು ಒಂದರೊಳಗೊಂದು ಕಲೆತುಹೋಗಿರುವ ಹಾಗೆ ಕಾಣುತ್ತದೆ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಬೇಕು, ಉತ್ತರ ಬರದಿದ್ದರೆ ಅಥವಾ ಸಮಾಧಾನವಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಇವು ನಿಮಗೆ ಅನ್ವಯಿಸುವ ನಿಜವಾದ ಗಡುವುಗಳು.

ಲೋಕಾಯುಕ್ತದ್ದು ಇನ್ನೂ ಮುಖ್ಯ. ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984ರ ಪ್ರಕಾರ ಅಧಿಕಾರಿಯ ಕೆಟ್ಟ ಆಡಳಿತದಿಂದ ತೊಂದರೆಯಾಗಿದೆ ಎಂಬ ಕುಂದುಕೊರತೆಯನ್ನು, ಆ ವಿಷಯ ನಿಮಗೆ ಗೊತ್ತಾದ ದಿನದಿಂದ ಆರು ತಿಂಗಳೊಳಗೆ ಕೊಡಬೇಕು. ಲಂಚ, ಅಧಿಕಾರ ದುರುಪಯೋಗದಂಥ ಆರೋಪವಾದರೆ ಘಟನೆ ನಡೆದು ಐದು ವರ್ಷದೊಳಗೆ. ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಪರಿಗಣಿಸಲು ಅವಕಾಶ ಇದೆ. ಮೇಲ್ಮನವಿಯಂಥ ಬೇರೆ ದಾರಿ ಇದ್ದೂ ಅದನ್ನು ಹಿಡಿಯದೆ ನೇರವಾಗಿ ಲೋಕಾಯುಕ್ತಕ್ಕೆ ಹೋದರೆ ಕುಂದುಕೊರತೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಇಲ್ಲೇ ಜನ ಎಡವುವುದು. ಇಲಾಖೆಗೆ ಅರ್ಜಿ ಕೊಟ್ಟು, 'ನೋಡೋಣ, ನಾಳೆ ಬರ್ರಿ' ಎಂಬ ಮಾತಿಗೆ ಎಂಟು ತಿಂಗಳು ಕಾದು, ಆಮೇಲೆ ಲೋಕಾಯುಕ್ತಕ್ಕೆ ಹೊರಡುತ್ತಾರೆ. ಆರು ತಿಂಗಳು ಆಗಲೇ ಮುಗಿದಿರುತ್ತದೆ. ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದಾದರೆ ಘಟನೆ ನಡೆದ ಒಂದು ವರ್ಷದೊಳಗೆ ಹೋಗಬೇಕು.

ವಿದೇಶದಲ್ಲಿರುವ ನೆಂಟರ ಮಾತೂ ಈ ಗೊಂದಲಕ್ಕೆ ಸೇರುತ್ತದೆ. ಇಂಗ್ಲೆಂಡಿನಲ್ಲಿ ಎಷ್ಟೋ ಶಾಲೆಗಳಿಗೆ ನಿಗದಿತ ಪ್ರದೇಶ ಇರುತ್ತದೆ, ಮನೆ ಎಲ್ಲಿದೆ ಎಂಬುದರ ಮೇಲೆ ಸೀಟು ನಿರ್ಧಾರವಾಗುವುದು ಮಾಮೂಲು. ಸೀಟು ಸಿಗದಿದ್ದರೆ ಮೇಲ್ಮನವಿಗೆ ಕನಿಷ್ಠ 20 ಶಾಲಾ ದಿನ ಕೊಡಬೇಕು, ಸ್ಥಳೀಯ ಆಡಳಿತದ ಒಂಬುಡ್ಸ್‌ಮನ್‌ಗೆ ದೂರು 12 ತಿಂಗಳೊಳಗೆ ಹೋಗಬೇಕು. ಅಲ್ಲಿಗೆ ಅದು ಸರಿ. ಐರಣಿಗೆ ಅನ್ವಯಿಸುವುದಿಲ್ಲ.

ದೂರು ಯಾರಿಗೆ, ಹೇಗೆ?

ಸ್ಥಳೀಯ ಪ್ರಾಧಿಕಾರ ಎಂದರೆ ಕಾಯ್ದೆಯ ಅರ್ಥದಲ್ಲಿ ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಪುರಸಭೆ, ನಗರಸಭೆ, ಜೊತೆಗೆ ಶಾಲೆಯ ಆಡಳಿತದ ಹಿಡಿತ ಇರುವ ಅಧಿಕಾರಿಯೂ ಸೇರುತ್ತಾರೆ. ಐರಣಿಯವರಾದರೆ ರಾಣೇಬೆನ್ನೂರಿನ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಅವರಿಗೆ ಬರೆದು, ಪ್ರತಿಯನ್ನು ಹಾವೇರಿಯ ಉಪನಿರ್ದೇಶಕರ ಕಚೇರಿಗೂ ಗ್ರಾಮ ಪಂಚಾಯಿತಿಗೂ ಕೊಡಿ. ಒಂದು ಮಾತು ಮರೆಯಬೇಡಿ: ದೂರು ಇರುವುದು ಹೊಳೆಯಾಚೆಯ ಶಾಲೆಯ ಮೇಲಾದರೆ ಅರ್ಜಿ ಆ ತಾಲ್ಲೂಕಿನ ಬಿಇಒಗೆ ಹೋಗಬೇಕು, ನಿಮ್ಮ ತಾಲ್ಲೂಕಿನವರಿಗಲ್ಲ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಮೇಜಿಂದ ಮೇಜಿಗೆ ಹೋಗುವುದರಲ್ಲೇ ತಿಂಗಳು ಕಳೆಯುತ್ತದೆ.

ಅರ್ಜಿ ಒಂದೇ ಪುಟ ಸಾಕು, ಕನ್ನಡದಲ್ಲೇ ಬರೆಯಿರಿ. ಮಗುವಿನ ವಯಸ್ಸು, ಕೇಳಿದ ತರಗತಿ, ಶಾಲೆಗೆ ಹೋದ ದಿನಾಂಕ, ಅಲ್ಲಿ ಸಿಕ್ಕ ಉತ್ತರ, ಮನೆಯಿಂದ ನಡೆಯುವ ದಾರಿಯ ದೂರ, ನಿಮಗೆ ಏನು ಆಗಬೇಕು ಎಂಬುದು ಇರಲಿ. 'ಆರ್‌ಟಿಇ ಕಾಯ್ದೆಯ ಸೆಕ್ಷನ್ 32ರ ಅಡಿ ದೂರು' ಎಂದು ಮೇಲ್ಗಡೆಯೇ ಬರೆಯಿರಿ. ಹಾಗೆ ಬರೆಯದಿದ್ದರೆ ಅದು ಸಾಮಾನ್ಯ ಮನವಿಯ ಕಟ್ಟಿಗೆ ಸೇರಿ ಮೂರು ತಿಂಗಳ ಲೆಕ್ಕವೇ ಶುರುವಾಗದೆ ಉಳಿಯುವ ಅಪಾಯ ಇದೆ. ಜಾತಿ, ರಾಜಕೀಯ, ಹಳೆಯ ಜಗಳ ಬೇಡ. ಅದು ಬಂದರೆ ಮುಖ್ಯ ವಿಷಯ ಹಿಂದೆ ಸರಿಯುತ್ತದೆ.

ಬಾಯಿಮಾತಿನ ದೂರಿಗೆ ದಿನಾಂಕ ಇರುವುದಿಲ್ಲ. ಹಾಗಾಗಿ ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳಿ. ಕೊಡಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಮೂರು ತಿಂಗಳಾದರೂ ಉತ್ತರ ಬರದಿದ್ದರೆ 'ನನ್ನ ಇಂಥ ತಾರೀಖಿನ ಅರ್ಜಿಯ ಮೇಲೆ ಏನು ಕ್ರಮವಾಗಿದೆ' ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದಲ್ಲಿ ಆ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು.

ಇಷ್ಟರಲ್ಲೇ ಮಗು ಶಾಲೆಯಿಂದ ಹೊರಗಿದ್ದು ತುರ್ತು ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಉಚಿತ. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮ ಸಭೆಯಲ್ಲಿ ಶಾಲೆ ದೂರದ ವಿಷಯವನ್ನು ಮಕ್ಕಳೇ ಎತ್ತಬಹುದು. ಅಲ್ಲಿ ಹೇಳಿದ್ದು ನಡಾವಳಿ ಪುಸ್ತಕಕ್ಕೆ ಬಂತೇ ಎಂದು ಸಭೆ ಮುಗಿಯುವ ಮೊದಲೇ ನೋಡಿಕೊಳ್ಳಿ.

ನಮ್ಮ ತೀರ್ಮಾನ: 'ಒಂದು ಕಿಲೋಮೀಟರ್ ಒಳಗಿನ ಶಾಲೆಗೇ ಸೇರಬೇಕು' ಎಂಬುದು ತಪ್ಪು. '15 ದಿನದೊಳಗೆ ದೂರು ಕೊಡದಿದ್ದರೆ ಹಕ್ಕು ಹೋಗುತ್ತದೆ' ಎಂಬುದೂ ತಪ್ಪು. ಶೇ 25ರ ಸೀಟಿಗೆ ವಾಸಸ್ಥಳದ ಗಡಿ ಇದೆ ಎಂಬುದು ಸರಿ.